ಮಳೆಗಾಲದ ಸಾಲು ರಜೆಗೆ 'ಒಂದೇ ದಿನದಲ್ಲಿ ಜೋಗ, ಸಿಗಂದೂರು, ಸಕ್ರೆಬೈಲು' ಪ್ಯಾಕೇಜ್: ದುಡ್ಡು ಕೊಡುವ ಮುಂಚೆ ಓದಿ

'ಬೆಳಿಗ್ಗೆ ಜೋಗ, ಮಧ್ಯಾಹ್ನ ಸಿಗಂದೂರು, ಸಂಜೆ ಸಕ್ರೆಬೈಲು ಆನೆ ಬಿಡಾರ, ರಾತ್ರಿ ಊಟಕ್ಕೆ ಶಿವಮೊಗ್ಗ.' ಮಳೆಗಾಲದ ಸಾಲು ರಜೆಯಲ್ಲಿ ಯಾರಾದರೂ ಹೀಗೊಂದು ಪ್ಯಾಕೇಜ್ ಮಾರಲು ಬಂದರೆ ದಯವಿಟ್ಟು ಅಡ್ವಾನ್ಸ್ ಕೊಡಬೇಡಿ. ಬೆಂಗಳೂರಿನಲ್ಲಿರುವ ನನ್ನ ನಾದಿನಿ ಕೊಟ್ಟಿದ್ದಳು. ತಲೆಗೆ 2,200 ರೂಪಾಯಿ. ಟಿಟಿ (ಟೆಂಪೋ ಟ್ರಾವೆಲರ್) ಗಾಡಿ, ತಿಂಡಿ, ಊಟ ಎಲ್ಲ ಸೇರಿ ಅಂತ ಹೇಳಿದ್ದರು. ಅತ್ತೆ, ನಾನು, ನಮ್ಮೆಜಮಾನರು ಶಿವಮೊಗ್ಗದಲ್ಲಿ ಗಾಡಿ ಹತ್ತಿಕೊಂಡೆವು. ಏಜೆನ್ಸಿಯ ಹೆಸರು ಹಾಕುವುದಿಲ್ಲ. ಇದೇ ಪಟ್ಟಿ ಹಿಡಿದುಕೊಂಡು ವ್ಯಾಪಾರ ಮಾಡುವವರು ತುಂಬಾ ಜನ ಇದ್ದಾರೆ, ಒಬ್ಬರ ಹೆಸರು ಹೇಳಿ ಏನು ಪ್ರಯೋಜನ?

ಅವರು ಆರಿಸಿದ ದಿನ ನೋಡಿ. 2025ರ ಆಗಸ್ಟ್ 15. ಅವತ್ತು ಶುಕ್ರವಾರ. ಮರುದಿನ ಕೃಷ್ಣ ಜನ್ಮಾಷ್ಟಮಿ, ಅದರ ಮರುದಿನ ಭಾನುವಾರ. ಆಫೀಸಿನವರಿಗೆ ಮೂರು ದಿನ ಸಾಲು ರಜೆ. ಅದು ಸಾಲದು ಅಂತ ಶ್ರಾವಣ ಶುಕ್ರವಾರ ಬೇರೆ, ಅಮ್ಮನವರ ದರ್ಶನಕ್ಕೆ ಜನ ಹುಡುಕಿಕೊಂಡು ಹೋಗುವ ದಿನ. ಸಿಗಂದೂರಿಗೆ ಹೋಗುವ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಗಿದ್ದು ಅದೇ ಜುಲೈ 14ಕ್ಕೆ. ತಿಂಗಳು ಕಳೆದಿತ್ತು ಅಷ್ಟೆ. ದೇವಿಯ ದರ್ಶನದ ಜೊತೆ ಸೇತುವೆಯ ಮೇಲೆ ಒಂದು ಸೆಲ್ಫಿ ಅಂತ ಹೊರಟವರೂ ಕಮ್ಮಿ ಇರಲಿಲ್ಲ. ಟೂರ್ ನಡೆಸುವವರಿಗೆ ಇಷ್ಟೂ ಗೊತ್ತಿರುತ್ತದೆ. ಗೊತ್ತಿದ್ದೇ ಮಾರುತ್ತಾರೆ, ಸೀಟು ಭರ್ತಿಯಾಗುವುದೂ ಅವತ್ತೇ ಅಲ್ವಾ.

ಪಟ್ಟಿಯನ್ನೇ ಸ್ವಲ್ಪ ಗಮನಿಸಿ. ಜೋಗ ಶಿವಮೊಗ್ಗದಿಂದ ಸಾಗರದ ದಾರಿಯಲ್ಲಿ ಸುಮಾರು 100 ಕಿಲೋಮೀಟರ್. ಸಕ್ರೆಬೈಲು ತೀರ್ಥಹಳ್ಳಿ ದಾರಿಯಲ್ಲಿದೆ, ದಿಕ್ಕೇ ಬೇರೆ. ಅದೂ ಹೋಗಲಿ, ಬಿಡಾರದಲ್ಲಿ ಆನೆ ನೋಡಲು ಬಿಡುವುದು ಬೆಳಿಗ್ಗೆ. ಹೊಳೆಯಲ್ಲಿ ಸ್ನಾನ ಮುಗಿಸಿ ಆಹಾರ ತಿಂದ ಮೇಲೆ ಅವು ಕಾಡಿಗೆ ಹೋಗುತ್ತವೆ. ಸಂಜೆಗೆ ಆನೆ ತೋರಿಸುತ್ತೇನೆ ಅನ್ನುವವನು ಒಂದೋ ಅಲ್ಲಿಗೆ ಹೋಗೇ ಇಲ್ಲ, ಇಲ್ಲಾ ನೀವು ಹೋಗಿಲ್ಲ ಅಂದುಕೊಂಡಿದ್ದಾನೆ. ನಮ್ಮತ್ತೆ ಗಾಡಿ ಹತ್ತುವಾಗಲೇ ಕೇಳಿದರು, 'ಸಂಜೆ ಆನೆ ಎಲ್ಲಿರ್ತವೋ ಮಾರಾಯಾ?' ಡ್ರೈವರ್ ಹೊರಗಿನ ಹುಡುಗ. 'ನಂಗೊತ್ತಿಲ್ಲ ಅಮ್ಮ, ಶೀಟ್‌ನಲ್ಲಿ ಬರೆದಿದ್ದಾರೆ' ಅಂದ. ಅವನ ತಪ್ಪೇನಿಲ್ಲ ಬಿಡಿ.

ಆಯನೂರು, ಕುಂಸಿ, ಆನಂದಪುರ ದಾಟುವವರೆಗೆ ಎಲ್ಲ ಸುಸೂತ್ರ. ಸಾಗರದಲ್ಲಿ ತಿಂಡಿಗೆ ನಿಲ್ಲಿಸಿದಾಗ ಹೋಟೆಲಿನಲ್ಲಿ ಕೂರಲು ಜಾಗವಿಲ್ಲ. ಒಂದೊಂದು ಟೇಬಲ್ಲಿನ ಹಿಂದೆ ಮತ್ತೊಂದು ಮನೆಯವರು ನಿಂತುಕೊಂಡು, ತಿನ್ನುವವರ ತಟ್ಟೆ ಯಾವಾಗ ಖಾಲಿಯಾಗುತ್ತದೆ ಅಂತ ನೋಡುತ್ತಿದ್ದರು. ಅಂಥಲ್ಲಿ ದೋಸೆ ಗಂಟಲಲ್ಲಿ ಇಳಿಯುತ್ತದಾ? ತಾಳಗುಪ್ಪ ದಾಟಿ ಸ್ವಲ್ಪ ಮುಂದೆ ಹೋದದ್ದೇ ಗಾಡಿ ನಿಂತಿತು. ಹತ್ತು ಹೆಜ್ಜೆ ಮುಂದೆ, ಮತ್ತೆ ಬಂದ್. ಎಂಜಿನ್ ಆಫ್ ಮಾಡಿ ಕೂತೆವು. ಮಳೆ ಒಂದೇ ಸಮ ಸುರಿಯುತ್ತಿತ್ತು. ಗಾಜು ಮೇಲೆ ಮಾಡಿದರೆ ಉಸಿರು ಕಟ್ಟುತ್ತದೆ, ಇಳಿಸಿದರೆ ಮಡಿಲೆಲ್ಲ ಒದ್ದೆ. ಪ್ಯಾಕೇಜಿನ ಊಟ ಅವತ್ತು ನಮಗೆ ಸಿಗಲೇ ಇಲ್ಲ. ಅತ್ತೆ ಕಟ್ಟಿಕೊಂಡು ಬಂದಿದ್ದ ಕೊಟ್ಟೆ ಕಡುಬು, ಕಾಯಿ ಚಟ್ನಿ ಆ ಮಳೆಯಲ್ಲಿ ನಮ್ಮನ್ನು ಉಳಿಸಿತು.

ಜೋಗದ ಗದ್ದಲ ಬೇರೆ ಕಡೆಯ ಗದ್ದಲದ ಹಾಗಲ್ಲ. ನಾದಿನಿಯ ಮಗ ಬೇಸಿಗೆ ರಜೆಯಲ್ಲಿ ಬೆಂಗಳೂರು ಹತ್ತಿರದ ಒಂದು ಥೀಮ್ ಪಾರ್ಕಿಗೆ ಹೋಗಿ ಬಂದಿದ್ದ. ಅಲ್ಲೂ ಕಾಲಿಡಲು ಜಾಗವಿರಲಿಲ್ಲವಂತೆ. ಆದರೆ ಅಲ್ಲಿ ಒಂದು ರೈಡ್ ಅಂದರೆ ಎರಡು ಮೂರು ನಿಮಿಷ. ಕೂತವರು ಇಳಿಯಲೇಬೇಕು, ಸಾಲು ಮುಂದೆ ಸರಿಯಲೇಬೇಕು. ಜಾಸ್ತಿ ದುಡ್ಡು ಕೊಟ್ಟವರಿಗೆ ಫಾಸ್ಟ್‌ಟ್ರ್ಯಾಕ್ ಟಿಕೆಟ್ಟೂ ಇರುತ್ತದೆ. ಜೋಗದಲ್ಲಿ ಕಂಬಿ ಹಿಡಿದು ನಿಂತವರನ್ನು ಇಳಿಸುವವರು ಯಾರು? ಜುಲೈ, ಆಗಸ್ಟ್‌ನಲ್ಲಿ ಆ ಕಣಿವೆ ತುಂಬಾ ಮಂಜು. ನೀರು ಬೀಳುವ ಶಬ್ದ ಎದೆಗೆ ಬಡಿಯುತ್ತದೆ, ಕಣ್ಣಿಗೆ ಮಾತ್ರ ಸುಣ್ಣ ಬಳಿದ ಗೋಡೆ. ಬೆಂಗಳೂರಿನಿಂದ ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದವರು ನೋಡದೆ ವಾಪಸ್ ಹೋಗುತ್ತಾರಾ? ಮಂಜು ಸರಿಯಲಿ ಅಂತ ಕಾಯುತ್ತಾರೆ. ಕಾಯುವವರು ಕದಲುವುದಿಲ್ಲ, ಹಾಗಾಗಿ ಪಾರ್ಕಿಂಗ್ ಖಾಲಿಯಾಗುವುದಿಲ್ಲ, ಪಾರ್ಕಿಂಗ್ ಖಾಲಿಯಾಗದೆ ರಸ್ತೆ ಸಾಗುವುದಿಲ್ಲ. ನಾವು ಅಷ್ಟು ದೂರದಲ್ಲಿ ನಿಂತಲ್ಲೇ ನಿಂತದ್ದಕ್ಕೂ ಕಣಿವೆಯ ಮಂಜಿಗೂ ನೇರ ಸಂಬಂಧ ಇದೆ. 'ಜೋಗಕ್ಕೆ ಎಷ್ಟು ಹೊತ್ತು ಬೇಕು' ಅನ್ನುವುದನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕಿದ ಪ್ಯಾಕೇಜ್ ಇಲ್ಲೇ ಮುಗ್ಗರಿಸುತ್ತದೆ.

ಕೊನೆಗೂ ಕಂಬಿಯ ಹತ್ತಿರ ತಲುಪಿದೆವು. ಏಳೆಂಟು ಸಾಲು ಜನರ ಹಿಂದೆ ಅತ್ತೆಯ ಕೈ ಹಿಡಿದು ನಿಂತಿದ್ದೆ. ಕೊಡೆಗಳ ಕಡ್ಡಿ ಕಣ್ಣಿಗೆ ಚುಚ್ಚದ ಹಾಗೆ ನೋಡಿಕೊಳ್ಳುವುದೇ ಒಂದು ಕೆಲಸ. ಒಂದು ಗಾಳಿ ಬೀಸಿತು. ಎಡಗಡೆ ಯಾರೋ 'ಕಾಣ್ತು! ರಾಜಾ ಕಾಣ್ತು!' ಅಂತ ಕೂಗಿದರು. ಅಷ್ಟೇ. ಹಿಂದಿದ್ದವರೆಲ್ಲ ಒಮ್ಮೆಲೇ ಮುಂದಕ್ಕೆ ನುಗ್ಗಿದರು. ಎಲ್ಲರ ಕೈಯೂ ಮೇಲೆ, ಕೈಯಲ್ಲಿ ಮೊಬೈಲು. ನನ್ನ ಮುಂದಿದ್ದ ಒಬ್ಬರು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಕಂಬಿಗೆ ಒರಗಿಬಿಟ್ಟಿದ್ದರು, ಮಗು ಕಿರುಚುತ್ತಿತ್ತು. ಅತ್ತೆಯ ಒಂದು ಚಪ್ಪಲಿ ಯಾರದೋ ಕಾಲಡಿ ಸಿಕ್ಕಿ ಬಾರು ಕಿತ್ತುಹೋಯಿತು. ಬಗ್ಗಿ ಹುಡುಕಲು ಹೋದವರನ್ನು ನಾನು ತೋಳು ಹಿಡಿದು ಎಳೆದುಕೊಂಡೆ. ಆ ನುಗ್ಗಾಟದಲ್ಲಿ ಬಗ್ಗಿದವರು ಮತ್ತೆ ಏಳುವುದು ಕಷ್ಟ. ಅಷ್ಟರಲ್ಲಿ ಮಂಜು ಮತ್ತೆ ಮುಚ್ಚಿಕೊಂಡಿತು. 830 ಅಡಿ ಜಲಪಾತದಲ್ಲಿ ನಮಗೆ ಕಂಡದ್ದು ಮೇಲಿನ ಒಂದು ಚೂರು. ರಾಣಿ, ರೋರರ್, ರಾಕೆಟ್ ಯಾವುದೂ ಕಾಣಲಿಲ್ಲ.

'ಜೋಗ ಎಲ್ಲಿಗೂ ಓಡಿ ಹೋಗಲ್ಲ ಕಣೇ, ಮನೆಗೆ ಹೋಗೋಣ' ಅಂದರು ಅತ್ತೆ, ಒಂದೇ ಚಪ್ಪಲಿಯಲ್ಲಿ ನಿಂತು. ಹೆಂಗಸರ ಶೌಚಾಲಯದ ಸಾಲು ಕಂಬಿಯ ಸಾಲಿಗಿಂತ ಉದ್ದವಿತ್ತು. ಸಕ್ಕರೆ ಕಾಯಿಲೆ ಇರುವವರನ್ನು, ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಜಲಪಾತಕ್ಕಿಂತ ಮೊದಲು ಇದನ್ನು ಯೋಚಿಸಿ.

ಸಿಗಂದೂರು ಆಗಲಿಲ್ಲ. ಅದಕ್ಕೆ ಜೋಗದಿಂದ ಸಾಗರಕ್ಕೆ ವಾಪಸ್ ಬಂದು ಬೇರೆ ದಾರಿ ಹಿಡಿಯಬೇಕು. ನಾವು ಸಾಗರ ಮುಟ್ಟುವಾಗಲೇ ಕತ್ತಲು. ಮೊದಲು ಹೊಳೆ ದಾಟಲು ಲಾಂಚ್ ಇತ್ತಲ್ಲ, ಅದು ಜನರನ್ನು ಕಂತು ಕಂತಾಗಿ ಆಚೆ ದಡಕ್ಕೆ ಬಿಡುತ್ತಿತ್ತು. ಕಾಯುವುದೆಲ್ಲ ಈಚೆ ದಡದಲ್ಲೇ ಮುಗಿಯುತ್ತಿತ್ತು. ಈಗ ಸೇತುವೆಯಿಂದ ಆ ಊರುಗಳವರಿಗೆ ದೊಡ್ಡ ಉಪಕಾರವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ರಜೆಯ ದಿನ ಗಾಡಿಗಳು ತಡೆಯಿಲ್ಲದೆ ನೇರ ದೇವಸ್ಥಾನದ ಬಾಗಿಲಿಗೇ ಹೋಗಿ ಸೇರುತ್ತವೆ. 'ಸೇತುವೆ ಆಗಿದೆ, ಅರ್ಧ ಗಂಟೆ ಸಾಕು' ಅನ್ನುವ ಮಾತನ್ನು ನಂಬಬೇಡಿ.

ದಾರಿಯಲ್ಲಿ ನಾದಿನಿ ಏಜೆನ್ಸಿಗೆ ಫೋನ್ ಮಾಡಿದಳು. 'ಟ್ರಾಫಿಕ್ ನಮ್ಮ ಕೈಯಲ್ಲಿಲ್ಲ ಮೇಡಂ. ಸಕ್ರೆಬೈಲು ನಾಳೆ ನೀವೇ ನೋಡ್ಕೊಳ್ಳಿ, ಹತ್ತಿರಾನೇ ಇದೆ' ಅಂದರು. 'ಅತ್ತಿಗೆ, ಇವರು ನಮಗೆ ನಮ್ಮೂರನ್ನೇ ಮಾರಿದ್ರು ನೋಡಿ' ಅಂತ ಅವಳು ನಕ್ಕಳು, ನನಗೆ ನಗು ಬರಲಿಲ್ಲ.

ಹಾಗಾದರೆ ಜೋಗಕ್ಕೆ ಹೋಗುವುದೇ ಬೇಡವಾ? ಹೋಗಿ, ದಿನ ನೋಡಿಕೊಂಡು ಹೋಗಿ. ಸರ್ಕಾರಿ ರಜೆಯ ಪಟ್ಟಿಯ ಜೊತೆ ಪಂಚಾಂಗವನ್ನೂ ನೋಡಿ. ಮೂರನೆಯದಾಗಿ ಜೋಗದ ಮೇಲ್ಗಡೆ ಇರುವ ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಮಟ್ಟ ನೋಡಿ. ಪೂರ್ಣ ಮಟ್ಟ 1,819 ಅಡಿ. ನೀರು ಅದರ ಹತ್ತಿರ ಬಂತು, ಗೇಟ್ ತೆಗೆದರು ಅನ್ನುವ ವಿಡಿಯೋ ಮೊಬೈಲಿಗೆ ಬಂತೆಂದರೆ, ಅದರ ಮರುದಿನವೂ ಆ ವಾರದ ಭಾನುವಾರವೂ ಜನಜಾತ್ರೆ ಖಂಡಿತ. ಆ ವಿಡಿಯೋ ನಿಮಗೊಬ್ಬರಿಗೇ ಬಂದಿರುವುದಿಲ್ಲ. ಎರಡು ಮೂರು ದಿನ ತಡೆದು ಮಂಗಳವಾರವೋ ಬುಧವಾರವೋ ಹೊರಡಿ. ನನ್ನನ್ನು ಕೇಳಿದರೆ ಗಣಪತಿ ಹಬ್ಬ ಮುಗಿದು ದಸರಾ ರಜೆ ಶುರುವಾಗುವ ಮುಂಚಿನ ವಾರದ ದಿನಗಳೇ ಒಳ್ಳೆಯವು. ಮಳೆ ಚೆನ್ನಾಗಿ ಆದ ವರ್ಷ ಆಗಲೂ ನೀರಿರುತ್ತದೆ, ಮಂಜು ಕಮ್ಮಿಯಾಗಿರುತ್ತದೆ. ಮಂಜು ಕಮ್ಮಿ ಅಂದರೆ ಜನ ನೋಡಿ ಮುಂದೆ ಹೋಗುತ್ತಾರೆ. ಡಿಸೆಂಬರಿಗೆ ಮುಂದೂಡಬೇಡಿ. ಆಗ ನೀರು ಎಳೆ ಎಳೆಯಾಗಿರುತ್ತದೆ, ಶಾಲಾ ಪ್ರವಾಸದ ಬಸ್ಸುಗಳು ವಾರದ ದಿನವೂ ಬರುತ್ತವೆ.

ರಜೆಯಲ್ಲೇ ಹೋಗಬೇಕು, ಬೇರೆ ದಾರಿಯಿಲ್ಲ ಅನ್ನುವವರು ಹಿಂದಿನ ರಾತ್ರಿ ಸಾಗರದಲ್ಲೋ ತಾಳಗುಪ್ಪದಲ್ಲೋ ಉಳಿಯಿರಿ. ಬೆಂಗಳೂರಿನಿಂದ ಬರುವವರಿಗೆ ರಾತ್ರಿ ಹೊರಟು ಬೆಳಿಗ್ಗೆ ತಾಳಗುಪ್ಪ ಮುಟ್ಟುವ ರೈಲಿದೆ. ಅಲ್ಲಿಂದ ಜೋಗ ದೂರವಿಲ್ಲ. ಟಿಕೆಟ್ ಮಾತ್ರ ಬೇಗ ಮಾಡಿಸಿ. ಗಾಡಿಗಳ ಸಾಲು ಬರುವ ಮುಂಚೆ ನೋಡಿ, ಅವು ಬರುವ ಹೊತ್ತಿಗೆ ನೀವು ಎದುರು ದಿಕ್ಕಿನಲ್ಲಿರಬೇಕು. ಮಧ್ಯಾಹ್ನಕ್ಕೆ ಸಾಗರದ ಪಕ್ಕದ ಇಕ್ಕೇರಿ ಅಘೋರೇಶ್ವರ ದೇವಸ್ಥಾನ, ಕೆಳದಿ ಇವೆ. ಜೋಗದಲ್ಲಿ ಕಾಲಿಡಲು ಜಾಗವಿಲ್ಲದ ದಿನವೂ ಇಕ್ಕೇರಿಯ ಕಲ್ಲಿನ ಜಗಲಿಯಲ್ಲಿ ಕಾಲು ಚಾಚಿ ಕೂರಬಹುದು. ಸಕ್ರೆಬೈಲಿಗೆ ಇನ್ನೊಂದು ದಿನ ಬೆಳಿಗ್ಗೆ ಶಿವಮೊಗ್ಗದಿಂದಲೇ ಹೋಗಿ.

ಸಣ್ಣಪುಟ್ಟದ್ದು ಒಂದಿಷ್ಟಿದೆ. ಕೊಡೆ ಬೇಡ, ರೈನ್‌ಕೋಟ್ ತನ್ನಿ. ಜೋಗದ ಗಾಳಿಗೆ ಕೊಡೆ ತಿರುಗಿಬೀಳುತ್ತದೆ, ಜೊತೆಗೆ ಪಕ್ಕದವರ ಕಣ್ಣಿಗೂ ಅಪಾಯ. ಹವಾಯಿ ಚಪ್ಪಲಿ ಬೇಡ, ಹಿಂದೆ ಬೆಲ್ಟ್ ಇರುವುದು ಹಾಕಿ. ಜನ ಸೇರಿದಾಗ ನೆಟ್‌ವರ್ಕ್ ಸತ್ತುಹೋಗುತ್ತದೆ, ಫೋನ್‌ಪೇ ನಂಬಿಕೊಂಡು ಚುರುಮುರಿ ಅಂಗಡಿ ಮುಂದೆ ನಿಲ್ಲಬೇಡಿ. ಚಿಲ್ಲರೆ ಇರಲಿ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅನ್ನುವುದನ್ನು ಗಾಡಿ ಇಳಿಯುವಾಗಲೇ ಮಾತಾಡಿಕೊಳ್ಳಿ. ಮಕ್ಕಳ ಮುಂಗೈ ಮೇಲೆ ಪೆನ್ನಿನಲ್ಲಿ ನಂಬರ್ ಬರೆಯಿರಿ. ಜನ ನುಗ್ಗಿದಾಗ ಮುಂದಕ್ಕೆ ಹೋಗಲು ನೋಡಬೇಡಿ, ಓರೆಯಾಗಿ ಪಕ್ಕಕ್ಕೆ ಸರಿದು ಹೊರಗೆ ಬನ್ನಿ. 'ಈ ಕಡೆ ಜನ ಇಲ್ಲ, ಚೆನ್ನಾಗಿ ಕಾಣುತ್ತೆ' ಅಂತ ಕಂಬಿ ಇಲ್ಲದ ಅಂಚಿಗೆ ಕರೆಯುವವರ ಹಿಂದೆ ಖಂಡಿತ ಹೋಗಬೇಡಿ. ಹಾವಸೆ ಕಟ್ಟಿದ ಬಂಡೆ ಯಾರ ಮುಖವನ್ನೂ ನೋಡುವುದಿಲ್ಲ.

ಪ್ಯಾಕೇಜೇ ಬೇಕು ಅಂದರೆ ಎರಡು ಪ್ರಶ್ನೆ ಕೇಳಿ. ಯಾವ ಜಾಗದಲ್ಲಿ ಎಷ್ಟು ಗಂಟೆಗೆ ಇರುತ್ತೇವೆ, ಒಂದು ಜಾಗ ಬಿಟ್ಟುಹೋದರೆ ಎಷ್ಟು ದುಡ್ಡು ವಾಪಸ್? ಉತ್ತರ ವಾಟ್ಸಾಪಿನಲ್ಲಿ ಬರಹದಲ್ಲಿ ಬರಲಿ, ಫೋನಿನ ಮಾತು ಲೆಕ್ಕಕ್ಕಿಲ್ಲ. ನಾದಿನಿಯ ಹತ್ತಿರ ಸಂಜೆಗೆ ಸಕ್ರೆಬೈಲು ಅಂತ ಬರೆದಿದ್ದ ಆ ಪಟ್ಟಿ, ದುಡ್ಡು ಕಳಿಸಿದ ರಸೀದಿ ಎರಡೂ ಇದ್ದವು. ಮೊದಲು ಏಜೆನ್ಸಿ ಕೈ ಎತ್ತಿತು. ಅವಳು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ ಅಂತ ಅವರಿಗೆ ಬರೆದಳು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಆಯೋಗದಲ್ಲಿ ದೂರಿನ ಶುಲ್ಕ ಇಲ್ಲ, ದೂರು ಕೊಡಲು ಎರಡು ವರ್ಷ ಅವಕಾಶವಿದೆ. ಇದು ಅವರಿಗೂ ಗೊತ್ತಿತ್ತು ಅನ್ನಿಸುತ್ತದೆ. ಸಿಗಂದೂರು, ಸಕ್ರೆಬೈಲು, ಊಟ ಮೂರರ ಲೆಕ್ಕದಲ್ಲಿ ಅರ್ಧ ದುಡ್ಡು ವಾಪಸ್ ಬಂತು. ಉಳಿದ ಅರ್ಧಕ್ಕೆ ಇನ್ನೂ ಪತ್ರ ನಡೆಯುತ್ತಿದೆ.