ಹೆಸರು ಹಾಕಿಕೊಡುವ ಪಾತ್ರೆ ಅಂಗಡಿ

ಶಿವಮೊಗ್ಗದ ಗಾಂಧಿ ಬಜಾರ್‌ನಲ್ಲಿರುವ ಒಂದು ಪಾತ್ರೆ ಅಂಗಡಿಯ ಬಗ್ಗೆ ಬರೆಯುತ್ತಿದ್ದೇನೆ. ಅಂಗಡಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಹೊಗಳುವುದಕ್ಕೆ ಬಹಳ ಇದೆ, ಮನಸ್ಸಿನಿಂದ ಇನ್ನೂ ಹೋಗದ ಒಂದು ದೂರೂ ಇದೆ. ಆ ಒಂದು ದೂರಿನಿಂದ ಅವರ ವ್ಯಾಪಾರಕ್ಕೆ ಪೆಟ್ಟು ಬೀಳುವುದು ನನಗೆ ಬೇಡ.

ಹೋದದ್ದು ಮಗಳಿಗಾಗಿ. ಅವಳು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾಳೆ. ಫೋನಿನಲ್ಲಿ ಪಟ್ಟಿ ಹೇಳಿದಳು: ಎರಡು ಡಬರಿ, ಒಂದು ಒಗ್ಗರಣೆ ಸೌಟು, ಒಂದು ಮಸಾಲೆ ಡಬ್ಬಿ, ನಾಲ್ಕು ಲೋಟ. ಎಲ್ಲ ಹೇಳಿ ಮುಗಿಸಿ, "ಅಮ್ಮ, ಎಲ್ಲದರ ಮೇಲೂ ಹೆಸರು ಹಾಕಿಸು" ಎಂದಳು. ಯಾರ ಹೆಸರು ಎಂದು ಕೇಳಿದೆ. "ಅಜ್ಜಿಯದು" ಎಂದಳು. ನನ್ನ ತಾಯಿ ಶಾರದಮ್ಮ ತೀರಿಕೊಂಡು ಹತ್ತು ವರ್ಷವಾಯಿತು.

ಅವಳಿಗೆ ಈ ಆಸೆ ಹುಟ್ಟಿದ್ದಕ್ಕೆ ಕಾರಣವಿದೆ. ಪಕ್ಕದ ಮನೆಯ ಜರ್ಮನ್ ಹೆಂಗಸಿಗೆ ಒಮ್ಮೆ ಕೇಸರಿಬಾತ್ ಕೊಟ್ಟಿದ್ದಳಂತೆ. ಮರುದಿನ ಆಕೆ ಡಬ್ಬಿಯನ್ನು ಫಳಫಳ ತೊಳೆದು, ಧನ್ಯವಾದ ಹೇಳಿ, ಬರಿದಾಗಿ ಹಿಂದಿರುಗಿಸಿದಳು. ಆಕೆಯ ತಪ್ಪೇನೂ ಇಲ್ಲ, ಅಲ್ಲಿ ಅದೇ ಮರ್ಯಾದೆ. ಆದರೆ ನನ್ನ ಮಗಳಿಗೆ ಡಬ್ಬಿಯ ಮುಚ್ಚಳ ತೆಗೆದಾಗ ಏನೋ ಕಳೆದುಕೊಂಡಂತಾಯಿತಂತೆ. ನಮ್ಮಲ್ಲಿ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಎರಡು ಚಮಚ ಸಕ್ಕರೆ, ಅದೂ ಇಲ್ಲದಿದ್ದರೆ ಹಿತ್ತಲಿನ ನಾಲ್ಕು ನಿಂಬೆಹಣ್ಣು. ನನ್ನ ತಾಯಿ ಒಮ್ಮೆ ಕರಿಬೇವಿನ ಎರಡು ಎಸಳು ಹಾಕಿ ಕಳಿಸಿದ್ದು ನನಗೆ ನೆನಪಿದೆ. ಹೀಗೆ ಪಾತ್ರೆಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಓಡಾಡುತ್ತಲೇ ಇರುವ ದೇಶದಲ್ಲಿ ಪಾತ್ರೆಗೊಂದು ಹೆಸರಿರಲೇಬೇಕು.

ಸ್ಟೀಲ್ ಲೋಟದ ಅಂಚಿನಲ್ಲಿ, ತಟ್ಟೆಯ ಹಿಂಬದಿಯಲ್ಲಿ, ಸೌಟಿನ ಹಿಡಿಯ ಮೇಲೆ ಸಣ್ಣ ಅಕ್ಷರಗಳಲ್ಲಿ ಹೆಸರಿರುವುದು ನಮಗೆ ಎಷ್ಟು ಸಹಜವೆಂದರೆ ಅದು ಕಣ್ಣಿಗೇ ಬೀಳುವುದಿಲ್ಲ. ಮದುವೆ, ಮುಂಜಿ, ತಿಥಿ ಬಂದರೆ ಕೇರಿಯ ಪಾತ್ರೆಗಳೆಲ್ಲ ಒಂದೇ ಮನೆಯಲ್ಲಿ ಸೇರುತ್ತಿದ್ದವು. ಮರುದಿನ ಅಂಗಳದಲ್ಲಿ ರಾಶಿ ಹಾಕಿಕೊಂಡು ಹೆಸರು ಓದಿ ಓದಿ ಬೇರೆ ಮಾಡಬೇಕಿತ್ತು. ನಾನು ಕನ್ನಡದ ದೊಡ್ಡಕ್ಷರ ಓದಲು ಕಲಿತದ್ದು ಶಾಲೆಯಲ್ಲಿ. ಸಣ್ಣ ಅಕ್ಷರ ಓದಲು ಕಲಿತದ್ದು ಹೀಗೆ ಲೋಟಗಳ ಅಂಚಿನಲ್ಲಿ. ಉಡುಗೊರೆಯ ಪಾತ್ರೆಗಳ ಮೇಲಂತೂ ಸಂಬಂಧ, ಸಂದರ್ಭ, ತಾರೀಖು ಎಲ್ಲವೂ ಇರುತ್ತದೆ. ನಮ್ಮ ಮನೆಯ ಸಕ್ಕರೆ ಡಬ್ಬಿಯ ಮೇಲೆ "ಚಿ. ಸೌ. ಲಲಿತಾಳ ವಿವಾಹಕ್ಕೆ ಸೋದರಮಾವನಿಂದ 12-5-1983" ಎಂದಿದೆ. ಮದುವೆಯ ಫೋಟೋಗಳು ಮಳೆಗಾಲದ ಥಂಡಿಗೆ ಅಂಟಿಕೊಂಡು ಹಾಳಾದವು. ಡಬ್ಬಿ ಹಾಗೆಯೇ ಇದೆ.

ಈಗ ಅಂಗಡಿಗೆ ಬರುತ್ತೇನೆ. ಅಗಲ ಕಡಿಮೆ, ಉದ್ದ ಬಹಳ. ಛಾವಣಿಯಿಂದ ಜಾಲರಿ ಸೌಟುಗಳು, ಹಿಡಿಯಿರುವ ಬಾಣಲೆಗಳು ತೂಗಾಡುತ್ತವೆ. ಎತ್ತರದವರು ತಲೆ ಬಗ್ಗಿಸಿ ನಡೆಯಬೇಕು. ಬಾಗಿಲಲ್ಲೇ ತಕ್ಕಡಿ. ತರಕಾರಿಯಂತೆ ಪಾತ್ರೆಯನ್ನೂ ತೂಗಿ ಮಾರುವ ನಮ್ಮ ಪದ್ಧತಿ ನನಗೆ ಬಹಳ ಇಷ್ಟ. ಅಂದಕ್ಕೆ ಬೆಲೆ ಕಟ್ಟುವುದು ಕಷ್ಟ, ಲೋಹಕ್ಕೆ ಕಟ್ಟಬಹುದು. ಸಣ್ಣ ಸಾಮಾನಿಗೆ ಬೇರೆ ದರ, ಡಬರಿಗೆ ಬೇರೆ ದರ. ಯಾವುದನ್ನು ಕೇಳಿದರೂ ತಕ್ಕಡಿಗೆ ಹಾಕಿ, ಮುಳ್ಳು ತೋರಿಸಿ, ಆಮೇಲೆ ಬೆಲೆ ಹೇಳುತ್ತಾರೆ. ನಾನು ಹೋದ ದಿನ ಒಬ್ಬ ಹುಡುಗಿ ಬರೀ ಒಂದು ಟೀ ಸೋಸುವ ಜಾಲರಿ ಕೊಳ್ಳಲು ಬಂದಿದ್ದಳು. ಅವಳಿಗೂ ಆರು ಬಗೆ ತೆಗೆದು ತೋರಿಸಿದರು.

ನಾನು ಕೈಚೀಲದಿಂದ ಅಯಸ್ಕಾಂತ ತೆಗೆದೆ. ಇದು ನನ್ನ ತಾಯಿಯ ಪರೀಕ್ಷೆ: ಅಂಟಿಕೊಂಡರೆ ಕಳಪೆ, ಅಂಟಿಕೊಳ್ಳದಿದ್ದರೆ ಒಳ್ಳೆಯ ಸ್ಟೀಲ್. ಅಂಗಡಿಯ ಯಜಮಾನರು, ಅರವತ್ತು ದಾಟಿದವರು, ಗಲ್ಲಾಪೆಟ್ಟಿಗೆಯಿಂದ ಒಂದು ರೂಪಾಯಿಯ ನಾಣ್ಯ ತೆಗೆದು ನನ್ನ ಅಯಸ್ಕಾಂತದ ಹತ್ತಿರ ಹಿಡಿದರು. ಟಕ್ಕೆಂದು ಅಂಟಿಕೊಂಡಿತು. "ಅಮ್ಮ, ಇದೂ ಸ್ಟೇನ್‌ಲೆಸ್ ಸ್ಟೀಲೇ. ತುಕ್ಕು ಹಿಡಿದ ರೂಪಾಯಿ ನೋಡಿದ್ದೀರಾ?" ಎಂದರು. ನಿಜ. ನಮ್ಮ ಒಂದು ರೂಪಾಯಿ ನಾಣ್ಯ 1990ರ ದಶಕದಿಂದಲೂ ಸ್ಟೇನ್‌ಲೆಸ್ ಸ್ಟೀಲಿನದು, ನೂರಕ್ಕೆ 83 ಪಾಲು ಕಬ್ಬಿಣ, 17 ಪಾಲು ಕ್ರೋಮಿಯಂ. ಅದರಲ್ಲಿ ನಿಕಲ್ ಇಲ್ಲ, ಹಾಗಾಗಿ ಅಯಸ್ಕಾಂತಕ್ಕೆ ಅಂಟುತ್ತದೆ. ಪಾತ್ರೆಯವರು 304 ಎಂದು ಕರೆಯುವ ಸ್ಟೀಲಿನಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಇರುತ್ತದೆ, ಅದು ಅಂಟುವುದಿಲ್ಲ. ಅಗ್ಗದ 202ರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸುತ್ತಾರೆ. ಅದೂ ಅಂಟುವುದಿಲ್ಲ! ಅಂದರೆ ಅಯಸ್ಕಾಂತದಿಂದ ಒಳ್ಳೆಯದು, ಸಾಧಾರಣದ್ದು ಎಂದು ಬೇರ್ಪಡಿಸಲು ಆಗುವುದೇ ಇಲ್ಲ. ನಲವತ್ತು ವರ್ಷ ಸಂತೆ ಸಂತೆಗೂ ಅಯಸ್ಕಾಂತ ಒಯ್ದ ನನ್ನ ತಾಯಿಯನ್ನು ನೆನೆದು ಸಂಕಟವಾಯಿತು. ಯಾವ ಅಂಗಡಿಯವರೂ ಅವಳಿಗೆ ಇದನ್ನು ಬಿಡಿಸಿ ಹೇಳಿರಲಿಲ್ಲ.

ಇವರು ಹೇಳಿದರು. ಅಷ್ಟೇ ಅಲ್ಲ, ಒಂದೇ ಅಳತೆಯ ಎರಡು ಡಬರಿಗಳನ್ನು ಮುಂದಿಟ್ಟು, ಇದು 304, ಇದು 202 ಎಂದು ತಾವಾಗಿಯೇ ತೋರಿಸಿದರು. ಕಣ್ಣಿಗೆ ಎರಡೂ ಒಂದೇ. ಉಪ್ಪು ಹುಳಿ ಹಾಕಿ ದಿನವೂ ಸಾರು ಕುದಿಸುವುದಾದರೆ 304 ತೆಗೆದುಕೊಳ್ಳಿ, ಅಕ್ಕಿ ಬೇಳೆ ತುಂಬಿಡುವುದಕ್ಕೆ 202 ಸಾಕು, ಸುಮ್ಮನೆ ದುಡ್ಡು ಹಾಕಬೇಡಿ ಎಂದರು. ಮಗಳ ಮನೆಯಲ್ಲಿ ಗ್ಯಾಸ್ ಇಲ್ಲ, ಇಂಡಕ್ಷನ್ ಒಲೆ ಎಂದೆ. ಆಗ ಮಾತೇ ತಿರುಗಿತು. ಇಂಡಕ್ಷನ್ ಒಲೆಗೆ ಅಯಸ್ಕಾಂತ ಅಂಟುವ ತಳವೇ ಬೇಕು, ಇಲ್ಲದಿದ್ದರೆ ಪಾತ್ರೆ ಬಿಸಿಯೇ ಆಗುವುದಿಲ್ಲ. ಒಳಗೆ 304, ತಳದಲ್ಲಿ ಅಂಟುವ ಸ್ಟೀಲಿನ ಪದರವಿರುವ ದಪ್ಪ ತಳದ ಡಬರಿಗಳನ್ನು ಅಟ್ಟದಿಂದ ಇಳಿಸಿದರು. ನನ್ನದೇ ಅಯಸ್ಕಾಂತದಿಂದ ಪರೀಕ್ಷಿಸಿದೆ. ನನ್ನ ತಾಯಿ ಬೇಡವೆಂದು ಎತ್ತಿಡುತ್ತಿದ್ದ ಪಾತ್ರೆಯನ್ನೇ ಅವಳ ಮೊಮ್ಮಗಳಿಗೆ ಆರಿಸಿದೆ. ಸ್ಟೀಲ್ ಪಾತ್ರೆಗಳಿಗೆ ಐಎಸ್‌ಐ ಗುರುತು ಕಡ್ಡಾಯಗೊಳಿಸಿ ಕೇಂದ್ರ ಸರ್ಕಾರ 2024ರಲ್ಲಿ ಆದೇಶ ಹೊರಡಿಸಿದೆ. ಕೊಳ್ಳುವಾಗ ತಳ ತಿರುಗಿಸಿ ಆ ಗುರುತನ್ನೂ ನೋಡಿಕೊಳ್ಳಿ.

ಹಿಂದಿನ ಭಾಗದಲ್ಲಿ ಕುಕ್ಕರ್ ರಿಪೇರಿ. ನಮ್ಮ ದೇಶದಲ್ಲಿ ಅಡುಗೆಯ ಗಡಿಯಾರವೆಂದರೆ ಕುಕ್ಕರೇ: ಬೇಳೆ ಎಷ್ಟು ನಿಮಿಷ ಬೇಯಬೇಕು ಎಂದು ಯಾರೂ ಹೇಳುವುದಿಲ್ಲ, ಎಷ್ಟು ಸಲ ಕೂಗಬೇಕು ಎಂದು ಹೇಳುತ್ತಾರೆ. ನನ್ನ ಹಳೆಯ ಕುಕ್ಕರ್‌ನ ಹಿಡಿ ಅಲ್ಲಾಡುತ್ತಿತ್ತು, ಗ್ಯಾಸ್ಕೆಟ್ ಸಡಿಲವಾಗಿತ್ತು. ಹೊಸದು ಕೊಳ್ಳಿ ಎಂದು ಒಂದು ಮಾತೂ ಆಡದೆ ಎರಡನ್ನೂ ಬದಲಿಸಿ ಇನ್ನೂರ ಮೂವತ್ತು ರೂಪಾಯಿ ತೆಗೆದುಕೊಂಡರು.

ಅವರ ಮೇಲೆ ನನಗೆ ನಿಜವಾದ ಗೌರವ ಹುಟ್ಟಿದ್ದು ಒಂದು ಹಿತ್ತಾಳೆಯ ಬಿಂದಿಗೆಯ ವಿಷಯದಲ್ಲಿ. ಹಳೆಯ ಹಿತ್ತಾಳೆ, ತಾಮ್ರ ಕೊಟ್ಟು ತೂಕಕ್ಕೆ ಸರಿಯಾಗಿ ಸ್ಟೀಲ್ ತರುವುದು ನಮ್ಮ ಮನೆಗಳಲ್ಲಿ ಎರಡು ತಲೆಮಾರಿನಿಂದ ನಡೆದು ಬಂದಿದೆ. ಅಜ್ಜಿಯರ ಕಾಲದ ಹಂಡೆ, ತಪ್ಪಲೆ, ಹರಿವಾಣಗಳು ಹಾಗೆಯೇ ಕರಗಿ ಹೋದವು. ಹುಣಸೆಹುಳಿ ತಾಗಿದರೆ ಕಿಲುಬು, ಕಿಲುಬು ಬಾರದಿರಲು ಕಲಾಯಿ, ಕಲಾಯಿಗೆ ಜನವಿಲ್ಲ, ಉಜ್ಜಲು ರಟ್ಟೆಯಲ್ಲಿ ಬಲವಿಲ್ಲ. ನಾನೂ ತಳ ಸೋರುವ ಒಂದು ಕೊಡವನ್ನು ಹಾಕಿಬಿಡೋಣವೆಂದು ಒಯ್ದಿದ್ದೆ. ತೂಗಿದರು: ಎರಡು ಕಿಲೋ ಆರುನೂರು ಗ್ರಾಂ. ಬೆಲೆ ಹೇಳುವ ಮೊದಲು ಕೊಡದ ಕತ್ತನ್ನು ಬೆರಳಿನಿಂದ ಸವರಿ, ಕನ್ನಡಕ ಏರಿಸಿ ಓದಿದರು. ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಹಳೆಯ ಅಕ್ಷರಗಳು, ನನ್ನ ಅಜ್ಜಿಯ ತವರೂರಿನ ಹೆಸರು. ನಾನು ಅದನ್ನು ಅಷ್ಟು ವರ್ಷ ನೋಡಿಯೇ ಇರಲಿಲ್ಲ. "ಇದನ್ನು ನಾನು ತೆಗೆದುಕೊಳ್ಳುವುದಿಲ್ಲ ಅಮ್ಮ. ಬೆಸುಗೆ ಹಾಕಿಸಿಕೊಡುತ್ತೇನೆ, ಮನೆಯಲ್ಲಿಡಿ" ಎಂದರು. ಎರಡು ಕಿಲೋಗೂ ಮಿಕ್ಕಿದ ಹಿತ್ತಾಳೆಯನ್ನು ಬೇಡ ಎಂದ ವ್ಯಾಪಾರಿಯನ್ನು ನಾನು ನೋಡಿದ್ದು ಇದೇ ಮೊದಲು.

ಕಲಾಯಿಗೂ ಅವರಲ್ಲಿ ವ್ಯವಸ್ಥೆಯಿದೆ. ಪಾತ್ರೆಗಳನ್ನು ಸೇರಿಸಿಟ್ಟು ತಿಂಗಳಿಗೊಮ್ಮೆ ಕಲಾಯಿಯವರಿಗೆ ಕಳಿಸುತ್ತಾರೆ. ನಾವು ಚಿಕ್ಕವರಿದ್ದಾಗ ಕಲಾಯಿಯವನು ಬೀದಿಯಲ್ಲೇ ಗುಂಡಿ ತೋಡಿ, ತಿದಿ ಒತ್ತಿ, ನವಸಾಗರದ ಪುಡಿ ಎರಚುತ್ತಿದ್ದ. ಬಿಳಿಯ ಹೊಗೆ ಏಳುತ್ತಿತ್ತು. ತವರದ ತುಣುಕನ್ನು ತಿಕ್ಕಿ ಬಟ್ಟೆಯಿಂದ ಒಮ್ಮೆ ಸುತ್ತಿಸಿದರೆ ಕಪ್ಪು ತಪ್ಪಲೆಯ ಒಳಗೆ ಹುಣ್ಣಿಮೆ. ಪಂಜಾಬಿನ ಜಂಡಿಯಾಲಾ ಗುರು ಎಂಬ ಊರಿನ ಠಠೇರಾ ಕುಶಲಕರ್ಮಿಗಳ ಹಿತ್ತಾಳೆ ತಾಮ್ರದ ಕೆಲಸವನ್ನು ಯುನೆಸ್ಕೋ 2014ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಬೀದಿಯ ಕಲಾಯಿಯವನ ಹೆಸರೂ ನನಗೆ ತಿಳಿದಿಲ್ಲ ಎಂಬುದು ಈಗ ಕೊರೆಯುತ್ತದೆ.

ಪಟ್ಟಿಯಲ್ಲಿ ಇಲ್ಲದಿದ್ದರೂ ಒಂದು ತಾಮ್ರದ ತಂಬಿಗೆ ಕೊಂಡೆ. 1958ರಲ್ಲಿ ಭಾರತ ಸರ್ಕಾರದ ಕರೆಯ ಮೇರೆಗೆ ದೇಶ ಸುತ್ತಿದ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್, ತಮ್ಮ ವರದಿಯಲ್ಲಿ ಮನಸಾರೆ ಮೆಚ್ಚಿ ಬರೆದದ್ದು ಈ ತಂಬಿಗೆಯನ್ನೇ. ಅವರು ಅದನ್ನು ಲೋಟಾ ಎಂದರು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಕತ್ತಿನಲ್ಲಿ ಬೆರಳು ಸಿಕ್ಕುವಷ್ಟು ಜಾಗ, ಬಾಗಿಸಿದರೆ ಸಣ್ಣ ಧಾರೆ, ಎತ್ತಿ ಕುಡಿದರೆ ಅಂಚಿಗೆ ತುಟಿ ತಾಗುವುದಿಲ್ಲ, ಎಂಜಲಾಗುವುದಿಲ್ಲ. ಒಂದೇ ತಂಬಿಗೆಯಲ್ಲಿ ಹತ್ತು ಜನ ನೀರು ಕುಡಿಯಬಹುದು.

ಇನ್ನು ದೂರು. ಹೆಸರು ಹಾಕುವುದಕ್ಕೆ ಅಲ್ಲಿ ದುಡ್ಡಿಲ್ಲ. ಮೂಲೆಯಲ್ಲಿ ಇಪ್ಪತ್ತರ ಹರೆಯದ ಹುಡುಗನೊಬ್ಬ ಪೆನ್ನಿನಂಥ ವಿದ್ಯುತ್ ಯಂತ್ರ ಹಿಡಿದು ಕುಳಿತಿರುತ್ತಾನೆ. ಗುಂಯ್ ಎನ್ನುವ ಅದರ ಮೊನೆ ಸ್ಟೀಲಿನ ಮೇಲೆ ಬೆಳ್ಳಗೆ ಗೀರು ಎಳೆಯುತ್ತದೆ. ಕೈ ಚುರುಕು, ಅಕ್ಷರ ದುಂಡಗೆ. ನಾನು ಚೀಟಿಯಲ್ಲಿ ದೊಡ್ಡದಾಗಿ "ಶಾರದಮ್ಮ" ಎಂದು ಬರೆದುಕೊಟ್ಟೆ. ನಾಲ್ಕು ಲೋಟ, ಮಸಾಲೆ ಡಬ್ಬಿ, ಒಂದು ಡಬರಿ ಮುಗಿಯುವವರೆಗೆ ಚೀಟಿ ಎದುರಿಗಿತ್ತು. ಅಷ್ಟರಲ್ಲಿ ಯಾರೋ ಮದುವೆಯವರು ಬಂದರು, ಅವಸರವಾಯಿತು, ಚೀಟಿ ಯಾವುದೋ ತಟ್ಟೆಯ ಕೆಳಗೆ ಸೇರಿತು. ಎರಡನೆಯ ಡಬರಿಯ ಮೇಲೆ "ಶಾರಧಮ್ಮ" ಎಂದು ಮೂಡಿತು.

ಮೂವತ್ತೊಂದು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವಳು ನಾನು. ದಕಾರಕ್ಕೆ ಬೇಡದ ಸೀಳು ಹಾಕುವ ತಪ್ಪನ್ನು ಸಾವಿರ ಸಲ ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ. ಸೀಳು ಬಿಟ್ಟುಹೋಗಿದ್ದರೆ ಸೇರಿಸಬಹುದಿತ್ತು. ಸ್ಟೀಲಿನ ಮೇಲೆ ಎಳೆದದ್ದನ್ನು ಅಳಿಸುವುದು ಹೇಗೆ? ಹುಡುಗನ ಮುಖ ಸಣ್ಣದಾಯಿತು. ಪಾಲಿಶ್ ಚಕ್ರಕ್ಕೆ ಹಿಡಿದು ತೆಗೆಯಲು ನೋಡಿದ. ಅಕ್ಷರ ಮಸುಕಾಯಿತು, ಹೋಗಲಿಲ್ಲ, ಸುತ್ತಲಿನ ಹೊಳಪು ಹೋಯಿತು. ಬೇರೆ ಡಬರಿ ಕೊಡಿ ಎಂದೆ. ಆ ಹೊತ್ತಿಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಯಜಮಾನರ ಮಗ, ಹೆಸರು ಹಾಕಿದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಬೇಕಿದ್ದರೆ ನೂರು ರೂಪಾಯಿ ಬಿಡುತ್ತೇನೆ ಎಂದ. ನನಗೆ ನೂರು ರೂಪಾಯಿ ಬೇಕಿರಲಿಲ್ಲ. ಅದು ನನ್ನ ತಾಯಿಯ ಹೆಸರು. ತಪ್ಪು ಅವರದಾಗಿರುವಾಗ ಹೊಸ ಡಬರಿ ಕೊಡುವುದೇ ನ್ಯಾಯವಾಗಿತ್ತು. ಯಜಮಾನರು ಊಟಕ್ಕೆ ಹೋಗಿದ್ದರು. ಅವರಿದ್ದರೆ ಹೀಗಾಗುತ್ತಿರಲಿಲ್ಲ ಎಂದು ನಂಬಿದ್ದೇನೆ, ಆದರೆ ಅಂಗಡಿಯ ಮರ್ಯಾದೆ ಒಬ್ಬರ ಊಟದ ಹೊತ್ತಿನ ಮೇಲೆ ನಿಲ್ಲಬಾರದು. ಕೊನೆಗೆ ಪೂರ್ತಿ ಹಣ ಕೊಟ್ಟು ಇನ್ನೊಂದು ಡಬರಿ ಕೊಂಡೆ. ಹುಡುಗ ಈ ಸಲ ಮೊದಲು ಮಾರ್ಕರ್‌ನಲ್ಲಿ ಬರೆದು, ನನಗೆ ತೋರಿಸಿ, ಆಮೇಲೆ ಯಂತ್ರ ಹಿಡಿದ. ಮೊದಲಿನಿಂದಲೇ ಹೀಗೆ ಮಾಡುವುದನ್ನು ಅಂಗಡಿಯವರು ನಿಯಮ ಮಾಡಬೇಕು. ಒಂದು ನಿಮಿಷದ ಕೆಲಸ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಬೆಳಿಗ್ಗೆ ಹೋಗಿ, ಯಜಮಾನರು ಇರುತ್ತಾರೆ, ಜನ ಕಡಿಮೆ. ಹಾಕಿಸಬೇಕಾದ ಹೆಸರನ್ನು ದೊಡ್ಡದಾಗಿ ಬರೆದುಕೊಂಡು ಹೋಗಿ, ಒಂದಲ್ಲ, ಪಾತ್ರೆಗೊಂದು ಚೀಟಿ. ತಾರೀಖನ್ನೂ ಹಾಕಿಸಿ. ಧನತ್ರಯೋದಶಿಯ ದಿನ ಮಾತ್ರ ಹೋಗಬೇಡಿ. ಈಗ ಉತ್ತರದವರಂತೆ ನಮ್ಮವರೂ ಅಂದು ಪಾತ್ರೆ ಕೊಳ್ಳಲು ಮುಗಿಬೀಳುತ್ತಾರೆ, ನಿಂತು ಮಾತನಾಡಲು ಯಾರಿಗೂ ಬಿಡುವಿರುವುದಿಲ್ಲ.

"ಶಾರಧಮ್ಮ" ಡಬರಿ ನನ್ನ ಬಳಿಯೇ ಇದೆ, ಹಾಲು ಕಾಯಿಸುತ್ತೇನೆ. ಉಳಿದವು ಸ್ಟುಟ್‌ಗಾರ್ಟ್ ಸೇರಿದವು. ಬೆಸುಗೆ ಹಾಕಿದ ಕೊಡ ಮುಂದಿನ ವಾರ ಸಿಗುತ್ತದೆ ಎಂದಿದ್ದಾರೆ. ತರಲು ಹೋಗುವಾಗ ಅಟ್ಟದ ಮೇಲಿರುವ ಎರಡು ತಪ್ಪಲೆಗಳನ್ನೂ ಕಲಾಯಿಗೆ ಒಯ್ಯುತ್ತೇನೆ.