ದೊಡ್ಡ ಜಾಗದ ಹಳೇ ಮನೆ ಕೊಳ್ಳುವ ಮುಂಚೆ ನೆಲ ನೋಡಿ

ಊರಂಚಿನ ಹಳೇ ಬಡಾವಣೆಯಲ್ಲಿ ಗಟ್ಟಿಮುಟ್ಟಾಗಿ ಕಾಣುವ ಮನೆ, ಸುತ್ತ ದೊಡ್ಡ ಜಾಗ, ಹಿಂದೆ ಎತ್ತರದ ಮರಗಳು. ಇಂಥದ್ದನ್ನು ಯಾರಾದರೂ ತೋರಿಸಿ "ಇಷ್ಟು ಜಾಗ ಇನ್ನೆಲ್ಲೂ ಸಿಗಲ್ಲ" ಅಂದರೆ, ಮುಂಗಡ ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ. ನಾವು ಕೊಂಡಿದ್ದು ಅಂಥದ್ದೇ ಮನೆ. ಮಾರಿದವರು ಗೊತ್ತಿದ್ದೂ ಮುಚ್ಚಿಟ್ಟ ಸಂಗತಿಗಳು ಆಮೇಲೆ ಒಂದೊಂದಾಗಿ ಹೊರಗೆ ಬಂದವು. ಅವುಗಳಲ್ಲಿ ಜಾಸ್ತಿ ದುಡ್ಡು ತಿಂದಿದ್ದು ಮನೆಯಲ್ಲ, ಆ ಜಾಗ. ಹಳೇ ಮನೆ ಅಂದರೆ ಎಲ್ಲರೂ ತಲೆ ಎತ್ತಿ ಚಾವಣಿ ನೋಡುತ್ತಾರೆ, ಅಡುಗೆಮನೆ ನೋಡುತ್ತಾರೆ, ತಗ್ಗಿ ನೆಲ ನೋಡುವವರು ಕಡಿಮೆ.

ಮೊದಲು ನೀರಿನ ವಿಷಯ. ಮನೆ ತೋರಿಸಿದ್ದು ಬಿಸಿಲು ಕಾಲದಲ್ಲಿ. ಎಲ್ಲಾ ಕಿಟಕಿ ತೆರೆದಿತ್ತು, ಒಳಗೆ ಘಮಘಮ ವಾಸನೆ, ಹಿಂದಿನ ಕೋಣೆಗೆ ಹೊಸ ಬಣ್ಣ. ನಾವು ಬಂದು ಸೇರಿದ ಮೇಲೆ ಮೊದಲ ಜೋರು ಮಳೆಗೇ ಹಿತ್ತಲಿನ ನೀರೆಲ್ಲಾ ಹಿಂದಿನ ಗೋಡೆಗೆ ಬಂದು ನಿಂತಿತು. ಜಾಗ ಹಿಂದೆ ಎತ್ತರ, ಮನೆ ಇರುವುದು ತಗ್ಗಿನಲ್ಲಿ. ಅದರ ಮೇಲೆ ವರ್ಷಾನುಗಟ್ಟಲೆ ಗಿಡದ ಪಾತಿ ಅಂತ ಮಣ್ಣು ಹಾಕಿ, ಕಲ್ಲು ಹಾಸಿ, ಹೊರಗಿನ ನೆಲ ಮನೆಯೊಳಗಿನ ನೆಲದ ಮಟ್ಟಕ್ಕೇ ಬಂದುಬಿಟ್ಟಿತ್ತು. ಮಣ್ಣಿನ ತೇವ ಗೋಡೆಗೆ ಏರದಂತೆ ಪಾಯದ ಮೇಲೆ ಒಂದು ತಡೆಪದರ ಹಾಕಿರುತ್ತಾರೆ. ಹೊರಗಿನ ಮಣ್ಣು ಅದಕ್ಕಿಂತ ಕನಿಷ್ಠ 15 ಸೆಂಟಿಮೀಟರ್ ಕೆಳಗಿರಬೇಕು. ಮಣ್ಣು ಅದನ್ನು ದಾಟಿ ಮೇಲೆ ಬಂದರೆ ಆ ಪದರ ಇದ್ದೂ ಇಲ್ಲದ ಹಾಗೆ. ಇನ್ನೊಂದು ಲೆಕ್ಕ ನೆನಪಿಡಿ. ಗೋಡೆಯಿಂದ ಹೊರಕ್ಕೆ ಮೊದಲ 3 ಮೀಟರ್‌ನಲ್ಲಿ ನೆಲ ಸುಮಾರು 15 ಸೆಂಟಿಮೀಟರ್ ಇಳಿಯಬೇಕು. ನಮ್ಮಲ್ಲಿ ಅದು ಪೂರಾ ಉಲ್ಟಾ ಇತ್ತು.

ಹೊಸ ಬಣ್ಣ ಬಳಿದಿದ್ದ ಆ ಹಿಂದಿನ ಕೋಣೆಯಲ್ಲಿ ಗೋಡೆಗೆ ಒತ್ತಿ ಒಂದು ದೊಡ್ಡ ಬೀರು ಇಟ್ಟಿದ್ದರು, "ಇದು ನಿಮಗೇ ಇರಲಿ" ಅಂತ ಬಿಟ್ಟೂ ಹೋದರು. ಅದನ್ನು ಸರಿಸಿ ಟಾರ್ಚನ್ನು ಗೋಡೆಗೆ ಆನಿಸಿ ಅಡ್ಡಡ್ಡ ಬೆಳಕು ಬಿಟ್ಟಾಗ ಎಲ್ಲಾ ಕಂಡಿತು. ಮೊಣಕಾಲೆತ್ತರದವರೆಗೆ ಬಣ್ಣದ ಹೊಳಪೇ ಬೇರೆ, ಅಲ್ಲಲ್ಲಿ ಉಬ್ಬು. ಹೆಬ್ಬೆರಳಿನಿಂದ ಸುಮ್ನೆ ಒತ್ತಿದ್ದಕ್ಕೆ ಬಣ್ಣ ಹಾಳೆಯಂತೆ ಕಿತ್ತು ಬಂತು. ಹಿಂದೆ ಬೆಳ್ಳಗೆ ಉಪ್ಪು ಎದ್ದಿತ್ತು, ಗಾರೆ ಪುಡಿಪುಡಿಯಾಗಿ ನೆಲಕ್ಕೆ ಸುರಿಯಿತು. ಒಂದು ಮಳೆಗೆ ಆಗುವ ಕೆಲಸ ಅಲ್ಲ ಇದು. ಪಕ್ಕದ ಮನೆಯ ಅಜ್ಜಿಯನ್ನು ಕೇಳಿದರೆ, ಪ್ರತಿ ಮಳೆಗಾಲ ನಮಗೆ ಮಾರಿದವರು ಪಂಪು ಇಟ್ಟು ನೀರು ಎತ್ತಿ ಹಾಕುತ್ತಿದ್ದರು ಅಂತ ಮೊದಲ ಮಾತಿನಲ್ಲೇ ಹೇಳಿದರು. "ನೀರು ನಿಲ್ಲುತ್ತಾ?" ಅಂತ ಮಾರುವವರನ್ನು ಎದುರಿಗೇ ಕೇಳಿದ್ದೆವು. "ಒಂದು ಹನಿಯೂ ಇಲ್ಲ" ಅಂದಿದ್ದರು. ಹಾಗಾಗಿ ಅಕ್ಕಪಕ್ಕದವರನ್ನು ಕೇಳಿ, ಮಾರುವವರು ಜೊತೆಗಿಲ್ಲದ ಹೊತ್ತಿನಲ್ಲಿ ಕೇಳಿ. ಸಾಧ್ಯವಾದರೆ ಮಳೆ ಸುರಿಯುವಾಗಲೇ ಹೋಗಿ, ಕೊಡೆ ಹಿಡಿದು ಹಿತ್ತಲಿನಲ್ಲಿ ನಿಂತು ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ನೋಡಿ.

ಎರಡನೆಯದು ಆ ಚಂದದ ಮರಗಳು. ಬಚ್ಚಲಿನ ನೀರು ಇಳಿಯುವುದು ನಿಧಾನವಾಯಿತು, ಆಮೇಲೆ ಒಂದು ದಿನ ವಾಪಸ್ಸೇ ಬಂತು. ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡಿದರೆ ಪರದೆಯ ತುಂಬ ಬೇರು, ಬಿಚ್ಚಿದ ಜಡೆಯ ಹಾಗೆ ಪೈಪನ್ನೇ ತುಂಬಿಕೊಂಡಿತ್ತು. ಹಳೇ ಮನೆಗಳ ಚರಂಡಿ ಪೈಪು ಎಷ್ಟೋ ಕಡೆ ಸುಟ್ಟ ಮಣ್ಣಿನದು, ತುಂಡು ತುಂಡಾಗಿ ಜೋಡಿಸಿದ್ದು. ಗಟ್ಟಿಯಾಗಿರುವ ಪೈಪನ್ನು ಬೇರು ಸಾಮಾನ್ಯವಾಗಿ ಒಡೆಯುವುದಿಲ್ಲ. ಜೋಡಣೆಯಲ್ಲಿ ಸ್ವಲ್ಪ ಸೋರಿದರೆ ಸಾಕು, ಆ ತೇವ ಹುಡುಕಿಕೊಂಡು ಕೂದಲೆಳೆಯಷ್ಟು ಬೇರು ಒಳಗೆ ಹೊಕ್ಕು ಅಲ್ಲೇ ದಪ್ಪಗಾಗುತ್ತದೆ. ದೊಡ್ಡ ಜಾಗದ ಸಂಕಟ ಏನೆಂದರೆ ಮನೆ ರಸ್ತೆಯಿಂದ ದೂರ ಇರುತ್ತದೆ, ಅಷ್ಟು ಉದ್ದದ ಪೈಪು ನಿಮ್ಮ ತಲೆಗೇ. ಜಾಗ ದೊಡ್ಡದಾದಷ್ಟೂ ಪೈಪು ಉದ್ದ, ಬೇಲಿ ಉದ್ದ, ಮರ ಜಾಸ್ತಿ. ಬೆಲೆ ಮಾತಾಡುವಾಗ ಇದನ್ನು ಯಾರೂ ಹೇಳುವುದಿಲ್ಲ. ಕ್ಯಾಮೆರಾ ತಪಾಸಣೆಯನ್ನು ಕೊಳ್ಳುವ ಮುಂಚೆಯೇ ಮಾಡಿಸಿ. ಅದಕ್ಕೆ ಕೊಡುವುದು, ಆಮೇಲೆ ಅಂಗಳ ಅಗೆಸುವ ಖರ್ಚಿನ ಮುಂದೆ ಏನೇನೂ ಅಲ್ಲ.

ಸೆಪ್ಟಿಕ್ ಟ್ಯಾಂಕ್ ಇರುವ ಮನೆಯಾದರೆ ಅದು ಎಲ್ಲಿದೆ, ಕೊನೆಯ ಸಲ ಯಾವಾಗ ಖಾಲಿ ಮಾಡಿಸಿದ್ದು ಅಂತ ರಸೀದಿ ಸಮೇತ ಕೇಳಿ. ಸಾಮಾನ್ಯವಾಗಿ 3ರಿಂದ 5 ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕಾಗುತ್ತದೆ. ಟ್ಯಾಂಕಿನ ನೀರು ಇಂಗುವ ಜಾಗದ ಮೇಲೆ ಏನನ್ನೂ ಕಟ್ಟುವಂತಿಲ್ಲ, ಗಾಡಿ ನಿಲ್ಲಿಸುವಂತಿಲ್ಲ. ಅಂದರೆ ದೊಡ್ಡ ಜಾಗದಲ್ಲಿ ಅಷ್ಟು ಭಾಗ ಆಗಲೇ ಹೋಯಿತು. ಹಿಂದೆ ಬಳಸಿ ಬಿಟ್ಟ ಹಳೇ ಟ್ಯಾಂಕನ್ನು ತುಂಬಿಸದೆ ಮೇಲೆ ಮಣ್ಣು ಮುಚ್ಚಿರುವುದೂ ಉಂಟು, ಅದರ ಮೇಲೆ ಮಕ್ಕಳು ಆಡಿದರೆ ಕುಸಿಯಬಹುದು. ಇದನ್ನು ಕೇಳದೆ ಬಿಡಬೇಡಿ.

ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಮೂರನೆಯದಕ್ಕೆ. ಹಿಂದೆ ಅಪ್ಪ ಅಮ್ಮನಿಗೆ ಒಂದು ಪುಟ್ಟ ಮನೆ ಕಟ್ಟಬೇಕು ಅನ್ನುವುದೇ ನಾವು ಈ ಜಾಗಕ್ಕೆ ಒಪ್ಪಿದ ಕಾರಣ. ಬ್ರೋಕರ್‌ಗೆ ಅದು ಗೊತ್ತಿತ್ತು. "ಧಾರಾಳವಾಗಿ ಕಟ್ಟಬಹುದು" ಅಂತ ಹೋದಾಗಲೆಲ್ಲಾ ಹೇಳುತ್ತಿದ್ದರು. ಕಟ್ಟಲು ಅರ್ಜಿ ಹಾಕಿದಾಗ ತಿಳಿಯಿತು, ಹಿತ್ತಲಿನ ನಡುವೆ ನೆಲದಡಿ ಸಾರ್ವಜನಿಕ ಮಳೆನೀರಿನ ದೊಡ್ಡ ಪೈಪು ಹೋಗಿದೆ. ಅದನ್ನು ಅಗೆದು ರಿಪೇರಿ ಮಾಡುವ ಹಕ್ಕು ಆ ಪೈಪು ನೋಡಿಕೊಳ್ಳುವವರಿಗೆ ಇದೆ ಅಂತ ದಾಖಲೆಯಲ್ಲೇ ಇದೆ, ಅದರ ಮೇಲೆ, ಅಕ್ಕಪಕ್ಕದ ಪಟ್ಟಿಯಲ್ಲಿ ಕಟ್ಟಡ ಕಟ್ಟುವಂತಿಲ್ಲ. ಬ್ರೋಕರ್ ನಮಗೆ ಕೊಟ್ಟ ಪ್ರತಿಯಲ್ಲಿ ಆ ನಕ್ಷೆಯ ಹಾಳೆಯೇ ಇರಲಿಲ್ಲ. ಸರ್ವೇಯರ್ ಬಂದು ಅಳೆದಾಗ ಇನ್ನೊಂದು ಗೊತ್ತಾಯಿತು. ಒಂದು ಪಕ್ಕದ ಬೇಲಿ ನಮ್ಮ ಗಡಿಯಲ್ಲಿಲ್ಲ, ನೆರೆಯವರ ಶೆಡ್ಡಿನ ಮೂಲೆ ನಮ್ಮೊಳಗಿದೆ. ಬೇಲಿ ಎಲ್ಲಿದೆಯೋ ಅಲ್ಲಿಗೆ ಜಾಗ ಅಂತ ತಿಳಿಯಬೇಡಿ. ಅದು ಯಾರೋ ಯಾವತ್ತೋ ಅನುಕೂಲಕ್ಕೆ ಹಾಕಿದ್ದು. ನಿಮ್ಮದೇ ಸರ್ವೇಯರ್‌ನಿಂದ ಅಳತೆ ಮಾಡಿಸಿ, ದಾಖಲೆಯ ಪೂರ್ತಿ ಪ್ರತಿಯನ್ನು ನೀವೇ ಕಚೇರಿಯಿಂದ ತೆಗೆಸಿ, ಏನು ಕಟ್ಟಬೇಕೆಂದಿದ್ದೀರೋ ಅದಕ್ಕೆ ಪರವಾನಗಿ ಸಿಗುತ್ತದಾ ಅಂತ ಪರವಾನಗಿ ಕೊಡುವವರನ್ನೇ ಕೇಳಿ. ಬ್ರೋಕರ್ ಬಾಯಿಮಾತು ಲೆಕ್ಕಕ್ಕಿಲ್ಲ.

ಹಾಗೇ ಆಮೇಲೆ ಸೇರಿಸಿದ ಕೋಣೆಗಳನ್ನು ಗಮನಿಸಿ. ಒಳಗೆ ಹೋಗುವಾಗ ನೆಲ ಒಂದು ಮೆಟ್ಟಿಲು ಇಳಿಯುತ್ತದೆ, ಒಂದು ಕೋಣೆಯ ಕಿಟಕಿ ಇನ್ನೊಂದು ಕೋಣೆಯೊಳಕ್ಕೆ ತೆರೆಯುತ್ತದೆ, ಗೋಡೆ ತೆಳ್ಳಗಿದೆ ಅಂದರೆ ಅದು ಮೂಲ ಮನೆಯದಲ್ಲ. ಪರವಾನಗಿ ಇದೆಯಾ ಕೇಳಿ.

ಮನೆಯೊಳಗಿನದು ಬೇಗ ಹೇಳಿಬಿಡುತ್ತೇನೆ. ಕೂದಲೆಳೆಯ ಬಿರುಕಿಗೆ ಹೆದರಬೇಡಿ. 5 ಮಿಲಿಮೀಟರ್‌ಗಿಂತ ಅಗಲದ್ದು, ಇಟ್ಟಿಗೆಯ ಸಾಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವುದು, ಒಂದು ತುದಿಯಲ್ಲಿ ಜಾಸ್ತಿ ಬಾಯಿಬಿಟ್ಟಿರುವುದು ಕಂಡರೆ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿ, ಬಣ್ಣ ಬಳಿಯುವವನ ಮಾತು ಕೇಳಬೇಡಿ. ಹಳೇ ಕಬ್ಬಿಣದ ನೀರಿನ ಪೈಪು 40–50 ವರ್ಷಕ್ಕೆ ಒಳಗೇ ತುಕ್ಕು ಕಟ್ಟಿ ಕಿರಿದಾಗುತ್ತದೆ. ಎರಡು ನಲ್ಲಿ ಒಟ್ಟಿಗೆ ತಿರುಗಿಸಿ, ಧಾರೆ ಸಣ್ಣಗಾದರೆ ಅನುಮಾನಪಡಿ. ವೈರಿಂಗ್‌ನಲ್ಲಿ ನಮಗೆ ಸಿಕ್ಕ ಮೋಸ ಇದು: ಸಾಕೆಟ್ಟು ಹೊಸದು, ಮೂರು ತೂತಿನದು, ಹಿಂದೆ ಅರ್ಥಿಂಗ್ ವೈರೇ ಇಲ್ಲ. ನೋಡುವವರಿಗೆ ಎಲ್ಲಾ ಸರಿಯಾಗಿದೆ ಅನ್ನಿಸಲಿ ಅಂತ ಮುಖವಾಡ ಹಾಕಿದ್ದು ಅಷ್ಟೇ. ಇದು ಜೀವದ ಪ್ರಶ್ನೆ. ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿ. ಹಳೇ ಆಸ್ಬೆಸ್ಟಾಸ್ ಶೀಟು, ಹಳೇ ಸೀಸದ ಬಣ್ಣ ಇರಬಹುದು ಅನ್ನಿಸಿದರೆ ಪರೀಕ್ಷೆ ಆಗುವವರೆಗೆ ಕೊರೆಯುವುದು, ಉಜ್ಜುವುದು ಬೇಡ. ಆ ಪುಡಿಯೇ ಅಪಾಯ, ಮನೆಯಲ್ಲಿ ಮಕ್ಕಳಿದ್ದರಂತೂ ಇನ್ನೂ. ಪಾಯದ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಏರಿದ್ದರೆ ಅದು ಗೆದ್ದಲಿನ ದಾರಿ.

ತಪಾಸಣೆ ಮಾಡಿಸಲಿಲ್ವಾ ಅಂತ ಕೇಳಬಹುದು. ಮಾಡಿಸಿದ್ದೆವು. ಬ್ರೋಕರ್ ಹೇಳಿದ ಮನುಷ್ಯನೇ ಬಂದು ಬೇಗಬೇಗ ಮುಗಿಸಿ ದಪ್ಪ ವರದಿ ಕೊಟ್ಟ. ಈಗ ತೆಗೆದು ಓದಿದರೆ ಮುಖ್ಯವಾದ ಕಡೆಯೆಲ್ಲಾ "ಸಾಮಾನು ಅಡ್ಡ ಇದ್ದುದರಿಂದ ನೋಡಲಾಗಲಿಲ್ಲ", "ಪೊದೆ ಇದ್ದುದರಿಂದ ನೋಡಲಾಗಲಿಲ್ಲ" ಅಂತಲೇ ಇದೆ. ತಪಾಸಣೆ ಮಾಡುವವರನ್ನು ನೀವೇ ಹುಡುಕಿ, ಜೊತೆಗೇ ಸುತ್ತಿ. ನೋಡಲಾಗಲಿಲ್ಲ ಅಂತ ಬರೆದ ಪ್ರತಿ ಜಾಗಕ್ಕೂ ಸಾಮಾನು ತೆಗೆಸಿ, ಪೊದೆ ಕಡಿಸಿ, ಮತ್ತೆ ನೋಡಿಸಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ಎದ್ದು ಬನ್ನಿ. ಇನ್ನೂ ಮೂರು ಜನ ಕಾಯುತ್ತಿದ್ದಾರೆ ಅಂತ ಅವಸರ ಮಾಡುತ್ತಾರೆ, ಮಾಡಲಿ.

ಮುಂಗಡದ ಕರಾರಿನಲ್ಲೇ ಬರೆಸಿ: ಅಳತೆ, ಪೈಪಿನ ತಪಾಸಣೆ, ಕಟ್ಟಡದ ಪರವಾನಗಿ ಇಷ್ಟು ಸರಿ ಬರದಿದ್ದರೆ ಮುಂಗಡ ವಾಪಸ್ಸು. ನೀರು ನಿಲ್ಲುತ್ತಾ, ಪೈಪು ಕಟ್ಟಿಕೊಂಡಿತ್ತಾ, ಗಡಿ ತಕರಾರು ಇದೆಯಾ ಅಂತ ಕೇಳಿದ್ದಕ್ಕೆಲ್ಲಾ ಉತ್ತರ ಬರಹದಲ್ಲಿ ತೆಗೆದುಕೊಳ್ಳಿ. ನಮ್ಮ ಮನೆ ಮಾರಿದವರು ಈಗ "ಇದ್ದದ್ದು ಇದ್ದ ಹಾಗೆ ಕೊಟ್ಟಿದ್ದೇವೆ" ಅನ್ನುತ್ತಾರೆ. ಎದುರಿಗೆ ಹೇಳಿದ ಯಾವ ಮಾತನ್ನೂ ಒಪ್ಪುವುದಿಲ್ಲ. ನಮ್ಮ ವಕೀಲರ ಕೈಯಲ್ಲಿ ಸದ್ಯಕ್ಕೆ ಇರುವುದು, ಹಿಂದೆ ಮನೆ ಕಟ್ಟಬಹುದಾ ಅಂತ ನನ್ನ ಹೆಂಡತಿ ಕೇಳಿದ್ದಕ್ಕೆ "ಯಾವ ತೊಂದರೆಯೂ ಇಲ್ಲ ಮೇಡಂ" ಅಂತ ಬ್ರೋಕರ್ ಕಳಿಸಿದ ಒಂದು ಮೆಸೇಜು.