ಅಳೆದು ಮುಗಿಯದ ರಾಮ

ನಾನು ಸರ್ವೆಯರ್. ಇಪ್ಪತ್ತೇಳು ವರ್ಷದಿಂದ ಜಾಗ ಅಳೆಯುವುದೇ ಕೆಲಸ. ಸರಪಳಿ ಎಳೆದು ಶುರು ಮಾಡಿದವನು ಈಗ ಎಲೆಕ್ಟ್ರಾನಿಕ್ ಅಳತೆ ಯಂತ್ರ ಟೋಟಲ್ ಸ್ಟೇಷನ್‌ಗೆ ಬಂದಿದ್ದೇನೆ. ಕಾದಂಬರಿ ಓದುವ ಚಟ ಇದೆ, ಆದರೆ ವೈಜ್ಞಾನಿಕ ಕಾದಂಬರಿ ಅಂದರೆ ದೂರ. ಲೇಸರ್ ಗನ್ನು, ಹಸಿರು ಮುಖದ ಜೀವಿಗಳು, ಇದೆಲ್ಲ ಬೇಡಪ್ಪಾ ಅನಿಸುತ್ತಿತ್ತು. ಜೊತೆಗೆ ಕೆಲಸ ಮಾಡುವ ಹುಡುಗನೊಬ್ಬ ಆರ್ಥರ್ ಸಿ. ಕ್ಲಾರ್ಕ್ ಬರೆದ 'ರಾಂಡೆವೂ ವಿತ್ ರಾಮ' ತಂದುಕೊಟ್ಟು, "ಓದಿ ಸರ್, ಇದು ನಮ್ಮ ಕೆಲಸದ ಕತೆ" ಅಂದ. ತಮಾಷೆ ಅಂದುಕೊಂಡೆ. ತಮಾಷೆ ಆಗಿರಲಿಲ್ಲ.

1973ರ ಪುಸ್ತಕ. ಕತೆ ನಡೆಯುವುದು 2131ರಲ್ಲಿ. ಸೌರಮಂಡಲದ ಆಚೆಯಿಂದ ಏನೋ ಒಂದು ಬರುತ್ತಿದೆ. ಗ್ರೀಕ್, ರೋಮನ್ ದೇವರ ಹೆಸರುಗಳು ಖರ್ಚಾಗಿ ಹೋಗಿ, ಖಗೋಳದವರು ಹಿಂದೂ ದೇವರ ಹೆಸರಿಡುತ್ತಿದ್ದ ಕಾಲ. ಹಾಗಾಗಿ ಅದು ರಾಮ. ಹೆಸರು ನೋಡಿ ರಾಮಾಯಣ ಹುಡುಕಬೇಡಿ, ಸಂಬಂಧ ಅಷ್ಟಕ್ಕೇ ಮುಗಿಯಿತು. ಕ್ಷುದ್ರಗ್ರಹ ಅಂದುಕೊಂಡದ್ದು ಹತ್ತಿರದಿಂದ ನೋಡಿದರೆ ದೊಡ್ಡದೊಂದು ಸಿಲಿಂಡರ್. ಯಾರೋ ಮಾಡಿದ್ದು. ಕಮಾಂಡರ್ ನಾರ್ಟನ್ ತನ್ನ ನೌಕೆಯನ್ನು ಅದರ ಒಂದು ತುದಿಯಲ್ಲಿ ಇಳಿಸಿ, ಜನರನ್ನು ಕರೆದುಕೊಂಡು ಒಳಗೆ ಹೋಗುತ್ತಾನೆ. ಇರುವುದು ಕೆಲವೇ ವಾರ. ಆಮೇಲೆ ರಾಮ ಸೂರ್ಯನನ್ನು ಬಳಸಿಕೊಂಡು ಹೊರಟುಬಿಡುತ್ತದೆ.

ಇಲ್ಲಿಂದ ಮುಂದೆ ಯುದ್ಧ ಇಲ್ಲ, ಖಳನಾಯಕ ಇಲ್ಲ. ಅಳೆಯುತ್ತಾರೆ, ನಕ್ಷೆ ಮಾಡುತ್ತಾರೆ, ಹೆಸರಿಡುತ್ತಾರೆ. ಕಂಡ ಕಟ್ಟಡದ ಗುಂಪುಗಳಿಗೆ ಪ್ಯಾರಿಸ್, ರೋಮ್, ಲಂಡನ್ ಅಂತ ಸುಮ್ನೆ ಕೈಗೆ ಸಿಕ್ಕ ಹೆಸರು. ಇದನ್ನು ಓದಿ ನಕ್ಕೆ. ಹೊಸ ಜಾಗಕ್ಕೆ ಹೋದಾಗ ನಾವೂ ಹಾಗೇ ಅಲ್ವಾ? 'ಒಂಟಿ ಮರ', 'ಮುರಿದ ಕಂಬ' ಅಂತ ಫೀಲ್ಡ್ ಬುಕ್‌ನಲ್ಲಿ ಬರೆದುಕೊಂಡು ಸಂಜೆಯೊಳಗೆ ಅದೇ ಖಾಯಂ ಹೆಸರಾಗುತ್ತದೆ.

ನನಗೆ ತುಂಬಾ ಹಿಡಿಸಿದ್ದು ಕತ್ತಲೆಯ ಅಧ್ಯಾಯಗಳು. ಒಳಗೆ ಐವತ್ತು ಕಿಲೋಮೀಟರ್ ಉದ್ದ, ಹದಿನಾರು ಕಿಲೋಮೀಟರ್ ಅಗಲದ ಲೋಕವಿದೆ, ಆದರೆ ಏನೂ ಕಾಣುವುದಿಲ್ಲ. ಟಾರ್ಚಿನ ಬೆಳಕು ಎಲ್ಲೂ ತಾಗದೆ ಕರಗಿಹೋಗುತ್ತದೆ. ತುದಿಯ ಗೋಡೆಯ ನಡುವಿನಿಂದ ಇಳಿಯಬೇಕು, ಮೊದಲು ಏಣಿ, ಆಮೇಲೆ ಮೆಟ್ಟಿಲು. ಸಿಲಿಂಡರ್ ತಿರುಗುತ್ತಿರುವುದರಿಂದ ಅದರ ಒಳಗೋಡೆಯೇ ನೆಲ. ಮೇಲೆ, ನಡುವಿನಲ್ಲಿ, ತೂಕವೇ ಇಲ್ಲ. ಇಳಿದಷ್ಟೂ ತೂಕ ಬರುತ್ತದೆ. ಕೆಳಗೆ ಅಂದರೆ ಯಾವ ಕಡೆ ಅನ್ನುವುದನ್ನು ಮೊದಲು ಮನಸ್ಸಿಗೆ ಒಪ್ಪಿಸಬೇಕು, ಇಲ್ಲದಿದ್ದರೆ ತಲೆ ಸುತ್ತುತ್ತದೆ. ಒಂದೇ ಜಾಗವನ್ನು ಬಾವಿ ಅಂತಲೂ ನೋಡಬಹುದು, ಬಯಲು ಅಂತಲೂ ನೋಡಬಹುದು. ಕ್ಲಾರ್ಕ್ ಇದನ್ನೆಲ್ಲ ಸಣ್ಣ ಸಣ್ಣ ವಾಕ್ಯಗಳಲ್ಲಿ, ಒಂದು ಅಲಂಕಾರ ಇಲ್ಲದೆ ಹೇಳುತ್ತಾರೆ. ನಮ್ಮ ಸೈಟ್ ರಿಪೋರ್ಟ್ ಥರ. ಆದರೂ ಓದುವಾಗ ಎರಡು ಸಲ ಕುರ್ಚಿಯ ಕೈ ಹಿಡಿದುಕೊಂಡೆ.

ಆಮೇಲೆ ಕಾಗದ ಪೆನ್ಸಿಲ್ ಎತ್ತಿಕೊಂಡೆ, ವೃತ್ತಿಯ ದೋಷ. ರಾಮ ನಾಲ್ಕು ನಿಮಿಷಕ್ಕೆ ಒಂದು ಸುತ್ತು ತಿರುಗುತ್ತದೆ. ಎಂಟು ಕಿಲೋಮೀಟರ್ ತ್ರಿಜ್ಯಕ್ಕೆ ಲೆಕ್ಕ ಹಾಕಿದರೆ ನೆಲದ ಮೇಲಿನ ತೂಕ ಭೂಮಿಯದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಪುಸ್ತಕದ ಮಾತು ಸರಿ ಬಂತು. ಅಲ್ಲಿಗೆ ಬಿಡಬಹುದಿತ್ತು. ಆದರೆ ಅಲ್ಲಿ ಡಂಪಿ ಲೆವೆಲ್, ಅಂದರೆ ಮಟ್ಟ ನೋಡುವ ದೂರದರ್ಶಕ, ಇಟ್ಟರೆ ಏನಾಗುತ್ತದೆ ಅನ್ನುವ ಯೋಚನೆ ಬಂದು ರಾತ್ರಿ ನಿದ್ದೆ ಹೋಯಿತು.

ಭೂಮಿಯ ಮೇಲೆ ದೃಷ್ಟಿರೇಖೆಯಿಂದ ನೆಲ ದೂರ ಹೋದಂತೆ ಕೆಳಗೆ ಬಾಗುತ್ತದೆ, ಒಂದು ಕಿಲೋಮೀಟರಿಗೆ ಸುಮಾರು ಎಂಟು ಸೆಂಟಿಮೀಟರ್. ರಾಮನಲ್ಲಿ ಉಲ್ಟಾ. ಸುತ್ತಳತೆಯ ದಿಕ್ಕಿಗೆ ತಿರುಗಿಸಿದರೆ ಒಂದು ಕಿಲೋಮೀಟರ್ ಆಚೆ ಅಳತೆ ಕೋಲು ಹಿಡಿದು ನಿಂತ ಹುಡುಗ ನನಗಿಂತ ಸುಮಾರು 62 ಮೀಟರ್ ಮೇಲೆ ಇರುತ್ತಾನೆ! ಒಂದೂವರೆ ಮೀಟರ್ ಎತ್ತರದ ಟ್ರೈಪಾಡ್‌ನಿಂದ ನೋಡಿದರೆ 155 ಮೀಟರ್ ದಾಟುವಷ್ಟರಲ್ಲಿ ದೃಷ್ಟಿರೇಖೆ ನೆಲಕ್ಕೆ ಹೊಡೆಯುತ್ತದೆ. ಅದೇ ಉದ್ದದ ದಿಕ್ಕಿಗೆ ತಿರುಗಿಸಿ, ತಿದ್ದುಪಡಿಯೇ ಬೇಡ, ಗೆರೆ ಎಳೆದಂತೆ ಮಟ್ಟ. ದಾರಕ್ಕೆ ಕಟ್ಟಿದ ತೂಕದ ಗುಂಡು ನೇರ ನಿಲ್ಲುತ್ತದೆ. ಆದರೆ ಅದೇ ಎತ್ತರದಿಂದ ಕಲ್ಲೊಂದನ್ನು ಕೈಬಿಟ್ಟರೆ ಗುಂಡಿನ ಕೆಳಗೆ ಬೀಳುವುದಿಲ್ಲ, ಎರಡು ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಇವು ಪುಸ್ತಕದಲ್ಲಿ ಇಲ್ಲ, ನನ್ನ ಲೆಕ್ಕ. ಲೆಕ್ಕ ಹಾಕುವಷ್ಟು ಗಟ್ಟಿಯಾಗಿ ಒಂದು ಜಾಗವನ್ನು ಕಟ್ಟಿಕೊಟ್ಟಿದ್ದಾರೆ, ಅದು ನನಗೆ ದೊಡ್ಡದು.

ಇನ್ನೊಂದು ನೋಡಿ. ಮಧ್ಯದಲ್ಲಿ ಉಂಗುರದ ಹಾಗೆ ಸುತ್ತ ಹಬ್ಬಿದ ಸಮುದ್ರ ಇದೆ, ಹತ್ತು ಕಿಲೋಮೀಟರ್ ಅಗಲ. ಉತ್ತರದ ದಡ 50 ಮೀಟರ್ ಎತ್ತರ, ದಕ್ಷಿಣದ್ದು 500 ಮೀಟರ್. ಓದಿದ ಕೂಡಲೇ ಅಚ್ಚಿನ ತಪ್ಪು ಅಂದುಕೊಂಡೆ. ಕಾರಣ ನಾನು ಹೇಳುವುದಿಲ್ಲ. ನೀರು ತುಂಬಿದ ಬಕೆಟ್ ಇಟ್ಟ ಗಾಡಿ ತಟ್ಟನೆ ಹೊರಟರೆ ನೀರು ಯಾವ ಕಡೆ ಚೆಲ್ಲುತ್ತದೆ, ಯೋಚಿಸಿ.

ತಕರಾರುಗಳೂ ಇವೆ. ಜನರಿಗೆ ಜೀವ ಇಲ್ಲ. ನಾರ್ಟನ್‌ಗೆ ಭೂಮಿಯಲ್ಲೊಬ್ಬಳು, ಮಂಗಳದಲ್ಲೊಬ್ಬಳು ಹೆಂಡತಿ, ಆದರೂ ಪುಸ್ತಕ ಮುಚ್ಚಿದ ಮೇಲೆ ಅವನ ಮುಖ ನೆನಪಿಗೆ ಬರುವುದಿಲ್ಲ. ತೂಕವಿಲ್ಲದ ಕಡೆ ಹೆಂಗಸರ ಮೈಯ ಬಗ್ಗೆ ಒಂದು ಮಾತು ಬರುತ್ತದೆ, ಆವತ್ತಿಗೂ ಬೇಕಿರಲಿಲ್ಲ, ಇವತ್ತಿಗಂತೂ ಮುಜುಗರ. ಸಮಿತಿ ಸಭೆಯ ಅಧ್ಯಾಯಗಳನ್ನು ಬೇಗ ಬೇಗ ತಿರುವಿದೆ. ಬುಧಗ್ರಹದಲ್ಲಿ ನೆಲೆಸಿದ ಮನುಷ್ಯರು ರಾಮನ ಮೇಲೆ ಬಾಂಬು ಕಳಿಸುವ ಪ್ರಸಂಗ, ಏನಾದರೂ ನಡೆಯಲಿ ಅಂತ ತಂದು ಹಾಕಿದ್ದು ಅನಿಸಿತು.

ಕೊನೆಯ ಬಗ್ಗೆ ಓದುಗರು ಸಿಟ್ಟಾಗುತ್ತಾರಂತೆ. ಯಾರು ಕಟ್ಟಿದ್ದು? ಯಾಕೆ? ಎಲ್ಲಿಗೆ? ಯಾವುದಕ್ಕೂ ಉತ್ತರ ಇಲ್ಲ. ನನಗೆ ಸಿಟ್ಟು ಬರಲಿಲ್ಲ, ಹೊಟ್ಟೆ ಹಿಂಡಿದಂತಾಯಿತು. ಒಂದು ಸಲ ದೊಡ್ಡ ಜಾಗದ ಅಳತೆ ಅರ್ಧಕ್ಕೆ ಬಂದಾಗ ಕೆಲಸ ನಿಲ್ಲಿಸಿ ಬನ್ನಿ ಅಂದರು. ಆ ಫೀಲ್ಡ್ ಬುಕ್ ಇನ್ನೂ ಇದೆ. ಹನ್ನೊಂದನೇ ಪುಟದಲ್ಲಿ ಒಂದು ಗೆರೆ ಹೊರಟು ಹಾಗೇ ನಿಂತಿದೆ, ಮುಂದಿನ ಪುಟಗಳು ಖಾಲಿ. ನಾರ್ಟನ್‌ನ ಜನ ಒಂದೇ ಒಂದು ಕಟ್ಟಡ ಕೊರೆದು ಒಳಗೆ ಹೋಗುವಷ್ಟರಲ್ಲಿ ಸಮಯ ಮುಗಿಯುತ್ತದೆ. ಆ ಅಧ್ಯಾಯ ಓದುವಾಗ ನನಗೆ ಹನ್ನೊಂದನೇ ಪುಟವೇ ಕಣ್ಣಮುಂದೆ ಬಂತು.

2017ರಲ್ಲಿ ನಿಜವಾಗಿಯೂ ಸೌರಮಂಡಲದ ಹೊರಗಿನಿಂದ ಬಂದ ಮೊದಲ ಕಾಯವನ್ನು ಹವಾಯಿಯ ದೂರದರ್ಶಕವೊಂದು ಪತ್ತೆ ಮಾಡಿತು. ಉದ್ದನೆಯ ಆಕಾರ ಇರಬೇಕು ಅಂತ ಲೆಕ್ಕ ಹೇಳಿತು. ಔಮುವಾಮುವಾ ಅಂತ ಹೆಸರಿಡುವ ಮೊದಲು ರಾಮ ಅನ್ನುವ ಸಲಹೆಯೂ ಬಂದಿತ್ತಂತೆ. ಕಣ್ಣಿಗೆ ಬೀಳುವಷ್ಟರಲ್ಲಿ ಅದು ಸೂರ್ಯನನ್ನು ದಾಟಿ ವಾಪಸ್ ಹೊರಟಾಗಿತ್ತು. ಅದಕ್ಕೂ ಹನ್ನೊಂದೇ ಪುಟ.

ಮುಂದಿನ ಭಾಗಗಳನ್ನು ಕ್ಲಾರ್ಕ್ ಇನ್ನೊಬ್ಬರ ಜೊತೆ ಸೇರಿ ಬರೆದಿದ್ದಾರೆ. ನಾನು ಓದುವುದಿಲ್ಲ. ಇದಕ್ಕೆ ಐದರಲ್ಲಿ ನಾಲ್ಕು ಅಂಕ, ಕಳೆದದ್ದು ಮನುಷ್ಯರ ಲೆಕ್ಕದಲ್ಲಿ.

ಪುಸ್ತಕ ವಾಪಸ್ ಕೊಟ್ಟಾಗ ಹುಡುಗ ಕೇಳಿದ, "ಸರ್, ಅಲ್ಲಿ ಬೆಂಚ್‌ಮಾರ್ಕ್ ಎಲ್ಲಿ ಇಡ್ತೀರಿ?" ಎತ್ತರಗಳನ್ನೆಲ್ಲ ಲೆಕ್ಕ ಹಾಕಲು ಆಧಾರವಾಗಿ ಇಡುವ ಗುರುತು ಅದು. ಸಮುದ್ರ ಮಟ್ಟ ಅನ್ನಲು ಹೊರಟೆ. ಆ ಸಮುದ್ರ ಮೊದಲು ಹೆಪ್ಪುಗಟ್ಟಿರುತ್ತದೆ, ನಂಬುವ ಹಾಗಿಲ್ಲ. ಕೊನೆಗೆ ನಡುವಿನ ಅಕ್ಷವನ್ನೇ ಸೊನ್ನೆ ಮಾಡಿ ಎಲ್ಲವನ್ನೂ ಅಲ್ಲಿಂದ ಕೆಳಕ್ಕೆ ಅಳೆಯೋಣ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ಮೊಳೆ ಯಾವುದಕ್ಕೆ ಹೊಡೀತೀರಿ ಸರ್, ಗಾಳಿಗಾ?" ಅಂದ.